ಬಿದ್ದರೂ ಏಳುವ ವಿಮಾನ

ನಗರಗೆರೆ ಕಡೆಯ ಒಂದು ಸೈಕಲ್ ಶಾಪಿನಲ್ಲಿ ರೆಕ್ಕೆ ಕಟ್ಟಿದ ಸಮಾಚಾರ

ಹೋದ ಮಾಘ ಮಾಸದ ಒಂದು ಸಂಜೆ. ಗೌರಿಬಿದನೂರು ಬಸ್ ಸ್ಟ್ಯಾಂಡಿನಿಂದ ನಗರಗೆರೆ ಕಡೆ ಹೊರಟ ಬಸ್ಸು. ಕಡಲೇಕಾಯಿ ಮೂಟೆ, ಸೊಪ್ಪಿನ ಗಂಟು, ಕಾಲೇಜು ಹುಡುಗರ ಬ್ಯಾಗು, ಇಷ್ಟರ ನಡುವೆ ಮೂರಡಿ ಉದ್ದದ ಒಂದು ರಟ್ಟಿನ ಪೆಟ್ಟಿಗೆ. ಅದನ್ನು ಎಳೇ ಕೂಸಿನ ಹಾಗೆ ತಬ್ಬಿಕೊಂಡು ನಿಂತಿದ್ದವನು ನಮ್ಮ ಅಣ್ಣನ ಮಗ.

‘ಏನಪ್ಪ ಅದು, ಸೀಲಿಂಗ್ ಫ್ಯಾನಾ?’ ಅಂತ ಕಂಡಕ್ಟರು ಕೇಳಿದರು.

‘ಇಲ್ಲ ಸಾರ್, ವಿಮಾನ.’

ಬಸ್ಸಿಗೆ ಬಸ್ಸೇ ನಕ್ಕಿತು. ‘ವಿಮಾನಾನೂ ಬಸ್ಸಲ್ಲೇ ಓಡಾಡೋ ಕಾಲ ಬಂತು ನೋಡ್ರಪ್ಪಾ’ ಅಂತ ಹಿಂದಿನ ಸೀಟಿನಿಂದ ಒಬ್ಬರು ಒಗ್ಗರಣೆ ಹಾಕಿದರು. ಕಂಡಕ್ಟರು ನಗುತ್ತಲೇ ಲಗೇಜು ಟಿಕೆಟ್ ಕೊಟ್ಟರು. ಹುಡುಗ ಮಾತ್ರ ನಗಲಿಲ್ಲ. ನಗದೇ ಇರೋದಕ್ಕೆ ಕಾರಣ ಇತ್ತು. ಇದು ಅವನ ಎರಡನೇ ವಿಮಾನ. ಮೊದಲನೆಯದು ಆಕಾಶದಲ್ಲಿ ಇದ್ದದ್ದು ಸರಿಯಾಗಿ ಒಂದು ನಿಮಿಷವೂ ಅಲ್ಲ.

ರೇಡಿಯೊದಿಂದ ಹಾರಿಸುವ ಪುಟ್ಟ ವಿಮಾನ ಅಂದರೆ ಕಾಸಿದ್ದವರ ಮಕ್ಕಳ ಆಟ ಅನ್ನೋ ಮಾತು ನಮ್ಮಲ್ಲಿ ಉಂಟು. ಅರ್ಧ ನಿಜ. ಮೋಟಾರು, ಬ್ಯಾಟರಿ, ರಿಮೋಟು ಎಲ್ಲಕ್ಕೂ ದುಡ್ಡು ಬೇಕು. ಆದರೆ ಒಂದೇ ವಿಮಾನವನ್ನು ಹತ್ತು ಸಲ ಬೀಳಿಸಿ, ಹನ್ನೊಂದನೇ ಸಲ ಹಾರಿಸೋದಕ್ಕೆ ಬೇಕಾದದ್ದು ದುಡ್ಡಲ್ಲ, ರಿಪೇರಿ ಬುದ್ಧಿ. ಆ ಬುದ್ಧಿ ನಮ್ಮ ಸಂತೆ ಬೀದಿಗಳಲ್ಲಿ ಬೇಕಾದಷ್ಟಿದೆ. ಅದು ಹೇಗೆ ಅನ್ನೋದೇ ಇವತ್ತಿನ ಅಂಕಣ.

ನಲವತ್ತು ಸೆಕೆಂಡಿನ ಸುಖ

ಮೊದಲನೆಯದು ರೆಡಿಮೇಡು. ಪೆಟ್ಟಿಗೆ ಬಿಚ್ಚಿ, ಬ್ಯಾಟರಿ ಹಾಕಿ, ಎಸೆದರೆ ಹಾರುತ್ತೆ ಅಂತ ಮಾರಿದವರು ಹೇಳಿದ್ದರು. ಹುಡುಗ ಎರಡು ಬೇಸಿಗೆ ರಜೆ ಅಪ್ಪನ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿ, ಹಬ್ಬಕ್ಕೆ ಬಂದ ನೆಂಟರು ಕೈಗಿಟ್ಟ ನೋಟುಗಳನ್ನೂ ಸೇರಿಸಿ ಎಂಟು ಸಾವಿರ ಕೂಡಿಟ್ಟಿದ್ದ. ಅಷ್ಟೂ ಅದಕ್ಕೇ ಹೋಯಿತು.

ಹಾರಿಸಿದ್ದು ಕೆರೆ ಅಂಗಳದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಆಷಾಢದಲ್ಲಿ! ನಮ್ಮ ಕಡೆ ಆಷಾಢದ ಗಾಳಿ ಹೆಂಚು ಹಾರಿಸುತ್ತೆ, ಇನ್ನು ಥರ್ಮಾಕೋಲಿನ ರೆಕ್ಕೆ ಯಾವ ಲೆಕ್ಕ? ವಿಮಾನ ಸರ್ರನೆ ಏರಿತು. ದೂರ ಹೋದದ್ದನ್ನು ಹುಡುಗ ತನ್ನ ಕಡೆ ತಿರುಗಿಸಿದ. ಎಡವಟ್ಟಾದದ್ದು ಅಲ್ಲೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲ. ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡ. ಹುಡುಗನ ಕೈ ಗಾಬರಿಯಲ್ಲಿ ಉಲ್ಟಾ ಹೋಯಿತು. ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು. ರೆಕ್ಕೆ ನಡುವೆ ಎರಡು ತುಂಡು, ಬಾಲ ಬೇರೆ, ಮೋಟಾರು ಬೇರೆ. ಬಿದ್ದ ಜಾಗಕ್ಕೂ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜಿಗೂ ಹತ್ತು ಮಾರು ದೂರ ಇರಲಿಲ್ಲ.

ನಮ್ಮ ಹೋಬಳಿ ಆಂಧ್ರದ ಗಡಿ. ಬೈಗುಳ ಬಂದರೆ ತೆಲುಗಿನಲ್ಲೇ ಬರೋದು. ‘ಗೊರ್ರೆಲ ಮೀದ ಪಡಿಂಟೇ ಎವರಪ್ಪಾ ಜವಾಬು?’ ಅಂತ ಅಜ್ಜಿ ಕೋಲೆತ್ತಿಕೊಂಡೇ ಬಂದರು. ಕುರಿ ಮೇಲೆ ಬಿದ್ದಿದ್ದರೆ ಯಾರು ಜವಾಬು? ಕೇಳಬೇಕಾದ ಪ್ರಶ್ನೆಯೇ. ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಮನೆಗೆ ಬಂದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೆಕ್ಯಾನಿಕ್ಕಿನ ಪ್ರಶ್ನೆ

ನಮ್ಮ ಅಣ್ಣ ಓದಿದ್ದು ಕಡಿಮೆ. ಆದರೆ ಮೂವತ್ತು ವರ್ಷ ಸೈಕಲ್ ಬಿಚ್ಚಿ ಕಟ್ಟಿದ ಕೈ. ಮಗನನ್ನು ಬೈಯಲಿಲ್ಲ. ಗೋಣಿಚೀಲ ಬಿಚ್ಚಿ ಚೂರುಗಳನ್ನು ಶಾಪಿನ ಬೆಂಚಿನ ಮೇಲೆ ಜೋಡಿಸಿದ. ಒಂದು ವಾರ ಅದು ಅಲ್ಲೇ ಇತ್ತು. ಪಂಕ್ಚರಿಗೆ ಬಂದವರೆಲ್ಲ ಮುಟ್ಟಿ ನೋಡಿ ಹೋದರು. ಎಂಟನೇ ದಿನ ಅಣ್ಣ ಕೇಳಿದ:

‘ಲೋ, ಬಿದ್ದಿದ್ದು ಮೂತಿ. ಮುರಿದಿದ್ದು ರೆಕ್ಕೆ. ಯಾಕೋ?’

ಹುಡುಗ ಸುಮ್ಮನೆ ನಿಂತ.

‘ಸೈಕಲ್ ನೋಡು. ಗುಂಡಿಗೆ ಇಳಿದರೆ ಟ್ಯೂಬು ಹೋಗುತ್ತೆ, ಟೈರು ಉಳಿಯುತ್ತೆ. ಇನ್ನೂ ಜೋರಾಗಿ ಇಳಿದರೆ ಎರಡು ಕಡ್ಡಿ ಹೋಗುತ್ತೆ, ರಿಮ್ಮು ಉಳಿಯುತ್ತೆ. ಅಗ್ಗದ್ದು ಮೊದಲು ಹೋಗಬೇಕು, ದುಬಾರಿದು ಉಳೀಬೇಕು. ನಿನ್ನ ವಿಮಾನ ಹಂಗಿಲ್ಲ. ಎಲ್ಲಾ ಸೇರಿಸಿ ಅಂಟು ಹಾಕಿಬಿಟ್ಟವ್ರೆ. ಬಗ್ಗೋಕೂ ಜಾಗ ಇಲ್ಲ, ಕಳಚಿಕೊಳ್ಳೋಕೂ ಜಾಗ ಇಲ್ಲ. ಇನ್ನೇನು ಮಾಡ್ತದೆ, ಮುರೀತದೆ.’

ಇಷ್ಟೇ ನೋಡಿ ಸ್ವಾಮಿ, ಬಾಳಿಕೆಯ ಗುಟ್ಟು. ಬಾಳಿಕೆ ಬರುವ ವಿಮಾನ ಅಂದರೆ ಬೀಳದ ವಿಮಾನ ಅಲ್ಲ. ಬಿದ್ದಾಗ ಯಾವುದು ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ ಕಟ್ಟಿದ ವಿಮಾನ.

ಇದೇ ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿದವರು, ಜೀವಮಾನ ಪೂರ್ತಿ ಹೇಳಿಕೊಟ್ಟದ್ದೂ ಇದನ್ನೇ: ಕೇಳದೆ ಒಪ್ಪಬೇಡ, ‘ಯಾಕೆ’ ಅನ್ನು. ನಮ್ಮ ಅಣ್ಣ ಅವರ ಭಾಷಣ ಕೇಳಿದವನಲ್ಲ. ಆದರೆ ಆ ‘ಯಾಕೆ’ ಸೈಕಲ್ ಶಾಪಿನಲ್ಲೂ ಹುಟ್ಟುತ್ತೆ.

ಬೆಂಗಳೂರಿನವರೂ ಹೀಗೇ ಮಾಡಿದ್ದು

ಅಣ್ಣನ ಮಾತು ನನಗೆ ಬೆಂಗಳೂರಿನ ಒಂದು ವಿಮಾನವನ್ನು ನೆನಪಿಗೆ ತಂದಿತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಹಾಕಿದ ಊರು ಅದು. ಅಲ್ಲೇ ಇರುವ ರಕ್ಷಣಾ ಸಂಶೋಧನೆಯ ಎಡಿಇ ಸಂಸ್ಥೆಯವರು ‘ಲಕ್ಷ್ಯ’ ಅನ್ನೋ ಪೈಲಟ್ ಇಲ್ಲದ ವಿಮಾನ ಮಾಡಿದರು. ಅದರ ಕೆಲಸ ಏನು ಗೊತ್ತೇ? ನಮ್ಮ ಸೈನಿಕರು ಗುರಿ ಅಭ್ಯಾಸ ಮಾಡಲಿಕ್ಕೆ ಆಕಾಶದಲ್ಲಿ ಗುರಿಯನ್ನು ಎಳೆದುಕೊಂಡು ಹೋಗೋದು. ಕೆಲಸ ಮುಗಿದ ಮೇಲೆ ಪ್ಯಾರಾಚೂಟು ಬಿಚ್ಚಿಕೊಂಡು ಕೆಳಗಿಳಿಯುತ್ತೆ. ಅದರ ಮೂತಿಯನ್ನು ಬೇಕೆಂದೇ ನಜ್ಜುಗುಜ್ಜಾಗುವ ಹಾಗೆ ಮಾಡಿದ್ದಾರೆ. ನೆಲ ಮುಟ್ಟಿದಾಗ ಮೂತಿ ಅಪ್ಪಚ್ಚಿ, ಒಳಗಿನ ದುಬಾರಿ ಯಂತ್ರ ಕ್ಷೇಮ. ಮೂತಿ ಬದಲಾಯಿಸಿ ಮತ್ತೆ ಹಾರಿಸೋದು.

ದೊಡ್ಡ ಸಂಸ್ಥೆಯ ಇಂಜಿನಿಯರು ಕಂಡುಕೊಂಡದ್ದೂ, ಸೈಕಲ್ ಶಾಪಿನ ಅಣ್ಣ ಕಂಡುಕೊಂಡದ್ದೂ ಒಂದೇ ಬುದ್ಧಿ. ಅವರ ಹತ್ತಿರ ಪ್ಯಾರಾಚೂಟು ಇತ್ತು, ಇವನ ಹತ್ತಿರ ರಬ್ಬರ್ ಬ್ಯಾಂಡು.

ಪೆಟ್ಟಿಗೆಯಲ್ಲಿ ಬಂದದ್ದು

ಬಸ್ಸಿನಲ್ಲಿ ಬಂದದ್ದು ಕಿಟ್ಟು. ಅಂದರೆ ಬಿಡಿಭಾಗ ತಂದು ಮನೆಯಲ್ಲಿ ಜೋಡಿಸೋದು. ದುಡ್ಡು? ಹಳೆಯದರ ಮೋಟಾರು, ರಿಮೋಟು ಉಳಿದಿದ್ದವು. ಬಾಕಿಗೆ ಅಪ್ಪ ಸಾಲ ಕೊಟ್ಟ. ಸಾಲ ಅಂದರೆ ಸಾಲವೇ, ವಾರಕ್ಕಿಷ್ಟು ಪಂಕ್ಚರು ಅಂತ ಲೆಕ್ಕ.

ಮಾದರಿ ವಿಮಾನಕ್ಕೆ ಹಿಂದಿನಿಂದ ಬಂದ ಮರ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕಡೆಯಿಂದ ಬರುವಂಥದ್ದು, ಮರ ಅಂದರೆ ನಂಬೋಕಾಗದಷ್ಟು ಹಗುರ. ಅದರ ಹಂದರ ಕಟ್ಟಿ ಮೇಲೆ ತೆಳು ಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ಡೋಪ್ ಅನ್ನೋ ವಾರ್ನಿಷು ಬಳಿದು ಬಿಗಿ ಮಾಡುತ್ತಿದ್ದರು. ಹೌದು, ರೇಷ್ಮೆ! ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ದಿನಾ ಹರಾಜಾಗುವ ಗೂಡಿನಿಂದ ಬರುವ ಅದೇ ವಸ್ತು. ತೂಕ ಇಲ್ಲ, ಆದರೆ ಹರಿಯೋದು ಕಷ್ಟ. ಅದಕ್ಕೇ ಗಟ್ಟಿಮುಟ್ಟು ಬೇಕಾದವರು ಕಾಗದ ಬಿಟ್ಟು ರೇಷ್ಮೆ ಹೊದಿಸುತ್ತಿದ್ದದ್ದು. ಸೀರೆಗಷ್ಟೇ ಅಲ್ಲ, ರೆಕ್ಕೆಗೂ ಆಗಿ ಬಂದ ನೂಲು ಅದು.

ಬಾಲ್ಸಾ ಚೆಂದ ಹಾರುತ್ತೆ. ಆದರೆ ಕಲಿಯೋ ಕೈಗೆ ಅದು ಗಾಜಿನ ಲೋಟ ಇದ್ದ ಹಾಗೆ. ಹುಡುಗ ತಂದದ್ದು ಇಪಿಪಿ ಅನ್ನೋ ನೊರೆ ಪ್ಲಾಸ್ಟಿಕ್ಕಿನ ಕಿಟ್ಟು. ನೋಡೋಕೆ ಥರ್ಮಾಕೋಲಿನ ತಮ್ಮನ ಹಾಗಿದೆ, ಗುಣ ಬೇರೆ. ಥರ್ಮಾಕೋಲು ಬಿದ್ದರೆ ಕಾಳುಕಾಳಾಗಿ ಉದುರುತ್ತೆ. ಇದು ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಹೊರಗೆ ಬರುತ್ತೆ. ಕಾರುಗಳ ಬಂಪರಿನ ಒಳಗೆ ಹಾಕುವುದೂ ಇದನ್ನೇ. ತೊಂದರೆ ಏನಪ್ಪ ಅಂದರೆ ಇದಕ್ಕೆ ಬೆನ್ನುಮೂಳೆ ಇಲ್ಲ, ಬಳುಕುತ್ತೆ. ಆದ್ದರಿಂದ ರೆಕ್ಕೆಯೊಳಗೆ ಉದ್ದಕ್ಕೆ ಕಾರ್ಬನ್ ಕೊಳವೆ ಹುದುಗಿಸಬೇಕು. ಅದು ಸಿಗದಿದ್ದರೆ ಗಿಣ್ಣು ಕೆತ್ತಿ ನಯ ಮಾಡಿದ ಬಿದಿರಿನ ದಬ್ಬೆಯೂ ಆದೀತು.

ಉಳಿದ ಸಾಮಾನು ಇಷ್ಟು: ಒಂದು ಮೋಟಾರು, ಅದರ ವೇಗ ಹೆಚ್ಚು ಕಡಿಮೆ ಮಾಡುವ ಒಂದು ಕಂಟ್ರೋಲರು, ರೆಕ್ಕೆ ಬಾಲಗಳ ಪಟ್ಟಿ ಆಡಿಸುವ ಒಂಬತ್ತು ಒಂಬತ್ತು ಗ್ರಾಮಿನ ನಾಲ್ಕು ಸರ್ವೋ, ರೇಡಿಯೊ ಹಿಡಿಯುವ ರಿಸೀವರು, ಒಂದು ಬ್ಯಾಟರಿ, ಒಂದು ಪಂಖ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ನಾಲ್ಕಡಿ.

ಸೈಕಲ್ ಶಾಪಿನ ತಿದ್ದುಪಡಿ

ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ ‘ರೆಕ್ಕೆಯನ್ನು ಮೈಗೆ ಅಂಟಿಸಿ’ ಅಂತ ಇತ್ತು. ಅಣ್ಣ ‘ಬೇಡ’ ಅಂದ. ಅಂಟಿನ ಬದಲು ಮೈಗೆ ಅಡ್ಡಲಾಗಿ ಎರಡು ಕಡ್ಡಿ ತೂರಿಸಿ, ರೆಕ್ಕೆಯನ್ನು ಮೇಲಿಟ್ಟು, ಆರು ರಬ್ಬರ್ ಬ್ಯಾಂಡು ಅಡ್ಡಡ್ಡ ಹಾಕಿ ಬಿಗಿದರು. ಹಾರುವಾಗ ಅಲ್ಲಾಡೋದಿಲ್ಲ. ಬಡಿದಾಗ ರೆಕ್ಕೆ ರಬ್ಬರನ್ನು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತೆ, ಮುರಿಯೋದಿಲ್ಲ. ಇದು ಹಳೇ ಮಾದರಿ ವಿಮಾನದವರ ಹಳೇ ಉಪಾಯವೇ. ರೆಡಿಮೇಡಿನ ಅಂದಚಂದದಲ್ಲಿ ಮರೆತುಹೋದದ್ದು.

ಮೋಟಾರು ಕೂರುವ ಪ್ಲೈವುಡ್ ತಗಡಿಗೆ ಕಬ್ಬಿಣದ ಸ್ಕ್ರೂ ಬಿಟ್ಟು ನೈಲಾನ್ ಸ್ಕ್ರೂ ಹಾಕಿದರು. ಪೆಟ್ಟು ಬಿದ್ದರೆ ಕಡಿಮೆ ಕಾಸಿನ ಸ್ಕ್ರೂ ತುಂಡಾಗುತ್ತೆ, ಮೋಟಾರಿನ ಕಂಬಿ ಬಗ್ಗೋದಿಲ್ಲ. ಪಂಖವನ್ನು ನಟ್ಟಿನಲ್ಲಿ ಬಿಗಿಯದೆ ರಬ್ಬರ್ ಉಂಗುರದಲ್ಲಿ ಕಟ್ಟಿದರು. ನೆಲ ತಾಗಿದರೆ ಪಂಖ ಮಣಿದು ಹಿಂದಕ್ಕೆ ಬಾಗುತ್ತೆ.

ಬ್ಯಾಟರಿ ವಿಷಯ ಬಸ್ಸಿನಲ್ಲಿ ಓಡಾಡೋರಿಗೆ ಬೇಗ ಅರ್ಥವಾಗುತ್ತೆ. ಡ್ರೈವರು ಸಡನ್ನಾಗಿ ಬ್ರೇಕ್ ಒತ್ತಿದರೆ ನಿಂತವರೆಲ್ಲ ಎಲ್ಲಿಗೆ ಹೋಗ್ತಾರೆ? ಮುಂದಕ್ಕೆ. ವಿಮಾನ ನೆಲಕ್ಕೆ ಬಡಿದಾಗ ಒಳಗಿನ ಬ್ಯಾಟರಿಯೂ ಹಾಗೇ ಮುಂದಕ್ಕೆ ನುಗ್ಗುತ್ತೆ. ಅದೇ ಅತಿ ಭಾರದ ಪ್ಯಾಸೆಂಜರು. ಅದರ ಮುಂದೆ ಮೋಟಾರು ಇದ್ದರೆ ಮೋಟಾರಿಗೆ ಗುದ್ದು. ಆದ್ದರಿಂದ ಮಧ್ಯೆ ಮೂರು ಬೆರಳಗಲ ನೊರೆ ಪ್ಲಾಸ್ಟಿಕ್ಕಿನ ಮೆತ್ತೆ ಇಟ್ಟು, ಬ್ಯಾಟರಿಯನ್ನು ಬ್ಯಾಗುಗಳಿಗೆ ಹಾಕುವ ಪರಪರ ಪಟ್ಟಿಯಲ್ಲಿ ಕಟ್ಟಿದರು.

ಸರ್ವೋದಿಂದ ಬಾಲದ ಪಟ್ಟಿಗೆ ಹೋಗುವ ತಂತಿಗೆ ಸೈಕಲ್ ಕಡ್ಡಿ. ಅಣ್ಣನ ಶಾಪಿನಲ್ಲಿ ಅದಕ್ಕೇನು ಬರ? ಹೊಟ್ಟೆಗೆ ಅಂಗಡಿ ಬೋರ್ಡು ಮಾಡುವ ಸನ್‌ಪ್ಯಾಕ್ ಶೀಟಿನ ತುಂಡು. ಚಕ್ರ ಇಲ್ಲ, ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಜಾರಿ ಇಳಿಯೋದು. ಚಕ್ರ ಇದ್ದರೆ ನಮ್ಮ ಕಲ್ಲುನೆಲದಲ್ಲಿ ಮೊದಲು ಕಿತ್ತುಬರುವುದೇ ಅದು. ಈ ಸನ್‌ಪ್ಯಾಕ್ ಶೀಟಿನಲ್ಲೇ ಪೂರ್ತಿ ವಿಮಾನ ಕಟ್ಟಿ ಹಾರಿಸುವವರು ಹೊರದೇಶದಲ್ಲಿ ಬೇಕಾದಷ್ಟಿದ್ದಾರೆ. ಎಲೆಕ್ಷನ್ ಮುಗಿದ ಮೇಲೆ ಮೂಲೆಗೆ ಬೀಳುವ ಬೋರ್ಡಿಗೂ ಹೀಗೆ ಮೋಕ್ಷ ಉಂಟು.

ಅಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಫೆವಿಕ್ವಿಕ್ಕು ಥರ್ಮಾಕೋಲನ್ನು ಬೆಣ್ಣೆಯ ಹಾಗೆ ಕರಗಿಸಿ ತಿಂದುಹಾಕುತ್ತೆ. ಇಪಿಪಿಗೆ ಏನೂ ಮಾಡೋದಿಲ್ಲ. ಯಾವ ಅಂಟಾದರೂ ಮೊದಲು ಒಂದು ತುಣುಕಿನ ಮೇಲೆ ಹಚ್ಚಿ ನೋಡಬೇಕು.

ಗಟ್ಟಿ ಅಂದರೆ ಭಾರ ಅಲ್ಲ

ಇಲ್ಲಿ ಅಪ್ಪ ಮಗನಿಗೆ ಜಗಳವೇ ಆಯಿತು. ಅಣ್ಣನಿಗೆ ಎಲ್ಲೆಲ್ಲೂ ಟೇಪು ಸುತ್ತುವ ಹುಮ್ಮಸ್ಸು. ‘ಇನ್ನೊಂದು ಸುತ್ತು ಇರಲಿ, ಗಟ್ಟಿ.’ ಮಗ ತಡೆದ. ಈ ಸಲ ಲೆಕ್ಕ ಮಗನದು.

ಭಾರ ಹೆಚ್ಚಿದರೆ ಮೇಲೆ ನಿಲ್ಲಲು ವಿಮಾನ ಹೆಚ್ಚು ವೇಗವಾಗಿ ಓಡಬೇಕು. ವೇಗ ಎರಡರಷ್ಟಾದರೆ ಬಡಿಯುವ ಪೆಟ್ಟಿನ ಶಕ್ತಿ ನಾಲ್ಕರಷ್ಟು. ಅಂದರೆ ಗಟ್ಟಿ ಆಗಲಿ ಅಂತ ಹಾಕಿದ ಭಾರವೇ ಮುರಿಯೋ ಪೆಟ್ಟನ್ನು ತಂದುಕೊಡುತ್ತೆ. ಅದರಲ್ಲೂ ಬಾಲದ ಕಡೆ ಒಂದು ಗ್ರಾಮು ಹಾಕಿದರೆ, ಬ್ಯಾಲೆನ್ಸಿಗೆ ಮೂತಿಯ ಕಡೆ ಎರಡು ಮೂರು ಗ್ರಾಮು ಹಾಕಬೇಕು. ಮೂತಿ ಗಿಡ್ಡ, ಬಾಲ ಉದ್ದ, ತಕ್ಕಡಿಯ ಲೆಕ್ಕ. ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ರಾಜಿಯಾಯಿತು. ನಾರಿನ ಟೇಪು ಎರಡೇ ಕಡೆ: ಗಾಳಿಗೆ ಎದುರಾಗುವ ರೆಕ್ಕೆಯ ಅಂಚಿಗೆ ಮತ್ತು ಹೊಟ್ಟೆಗೆ. ಬೇರೆಲ್ಲೂ ಇಲ್ಲ. ಪಕ್ಕದ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟರು. 820 ಗ್ರಾಮು. ‘ಒಂದು ಕೇಜಿ ಸಕ್ಕರೆಗಿಂತ ಕಮ್ಮಿ ಕಣಪ್ಪ, ಇದಾ ಹಾರೋದು?’ ಅಂದರು ಶೆಟ್ಟರು. ಕಮ್ಮಿ ಇರೋದರಿಂದಲೇ ಹಾರೋದು ಶೆಟ್ಟರೇ!

ಆಮೇಲೆ ಬ್ಯಾಲೆನ್ಸು. ರೆಕ್ಕೆಯ ಅಗಲ 20 ಸೆಂಟಿಮೀಟರು. ಮುಂದಿನ ಅಂಚಿನಿಂದ ಐದು, ಐದೂವರೆ ಸೆಂಟಿಮೀಟರು ಹಿಂದೆ, ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಮೂತಿ ಒಂಚೂರು ತೂಗಿದರೂ ಚಿಂತೆಯಿಲ್ಲ. ಬಾಲ ತೂಗಿದರೆ ಮಾತ್ರ ಹಾರಿಸಲೇಬಾರದು. ಮೂತಿ ಭಾರದ ವಿಮಾನ ಕಷ್ಟಪಟ್ಟು ಹಾರುತ್ತೆ. ಬಾಲ ಭಾರದ್ದು ಒಂದೇ ಸಲ ಹಾರುತ್ತೆ.

ರೇಡಿಯೊ ಮತ್ತು ಬೆಂಕಿ

ರೇಡಿಯೊ ನಮ್ಮ ತಾಲೂಕಿಗೆ ಹೊಸದಲ್ಲ. ಗೌರಿಬಿದನೂರಿನ ಹತ್ತಿರ 1970ರ ದಶಕದಿಂದ ರೇಡಿಯೊ ದೂರದರ್ಶಕ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಯವರು ಸೇರಿ ಕಟ್ಟಿದ್ದು. ಬಯಲಿನಲ್ಲಿ ಸಾಲುಸಾಲು ಕಂಬ ತಂತಿ ನೆಟ್ಟು ಸೂರ್ಯನ, ನಕ್ಷತ್ರಗಳ ಕ್ಷೀಣವಾದ ದನಿ ಕೇಳುವ ಜಾಗ. ಅಂಥ ಕಡೆ ನಮ್ಮ ರಿಮೋಟು ಹಿಡಿದು ಹೋಗೋದು ಸಂಗೀತ ಕಛೇರಿಯಲ್ಲಿ ಪೀಪಿ ಊದಿದ ಹಾಗೆ. ಆ ಸುತ್ತಮುತ್ತ ಹಾರಿಸಬಾರದು.

ಇವತ್ತಿನ ರಿಮೋಟುಗಳು ಕೆಲಸ ಮಾಡೋದು 2.4 ಗಿಗಾಹರ್ಟ್ಜ್ ಅಲೆಯಲ್ಲಿ. ಹಾರಿಸುವ ಮುಂಚೆ ಮೂರು ಪರೀಕ್ಷೆ. ಒಂದು, ಸ್ಟಿಕ್ಕು ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಉಲ್ಟಾ ಇದ್ದರೆ ನೆಲದಲ್ಲೇ ಸರಿಮಾಡಿ. ಎರಡು, ರಿಮೋಟಿನ ಶಕ್ತಿ ಕಡಿಮೆ ಮಾಡಿ ದೂರ ನಡೆದುಹೋಗಿ ಪಟ್ಟಿ ಆಡುತ್ತಾ ನೋಡಿ. ಮೂರು, ವಿಮಾನವನ್ನು ಗಟ್ಟಿಯಾಗಿ ಹಿಡಿದು ರಿಮೋಟು ಆರಿಸಿ. ಮೋಟಾರು ತಾನಾಗೇ ನಿಲ್ಲಬೇಕು. ನಿಲ್ಲದಿದ್ದರೆ ರೇಡಿಯೊ ತಪ್ಪಿದ ದಿನ ಅದು ಯಾರದೋ ತಲೆ ಹುಡುಕಿಕೊಂಡು ಹೋಗುತ್ತೆ.

ಬ್ಯಾಟರಿ ಲಿಥಿಯಂ ಪಾಲಿಮರಿನದು, ಮೂರು ಸೆಲ್ಲು, 11.1 ವೋಲ್ಟು. ಮೊಬೈಲು ಬ್ಯಾಟರಿಯ ನೆಂಟ, ಆದರೆ ಕೋಪ ಜಾಸ್ತಿ. ಪ್ರತಿ ಸೆಲ್ಲು 4.2 ವೋಲ್ಟಿನ ಮೇಲೆ ಹೋಗಬಾರದು. ಆದ್ದರಿಂದ ಮೂರನ್ನೂ ಸಮ ಮಾಡುವ ಚಾರ್ಜರೇ ಬೇಕು. ಪೆಟ್ಟು ತಿಂದು ಊದಿದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಬಾರದು, ಹೊತ್ತಿ ಉರಿಯುತ್ತೆ. ನಮ್ಮ ಅತ್ತಿಗೆ ಚಾರ್ಜು ಮಾಡುವಾಗ ಮಣ್ಣಿನ ಮಡಕೆಯಲ್ಲಿ ಮರಳು ಹಾಕಿ, ಅದರೊಳಗೇ ಇಡಿಸುತ್ತಾರೆ, ಅದೂ ಅಂಗಳದ ಕಲ್ಲಿನ ಮೇಲೆ. ಮಲಗುವಾಗ ಚಾರ್ಜಿಗೆ ಹಾಕುವ ಹಾಗಿಲ್ಲ. ಬಸ್ಸಿನಲ್ಲಿ ತರುವಾಗ ಬ್ಯಾಟರಿಯ ತಂತಿ ಬಿಚ್ಚಿ ಬೇರೆ ಇಡಬೇಕು. ಪಂಖ ಹಾಕಿರುವಾಗ ತಂತಿ ಸಿಕ್ಕಿಸಿದರೆ ಬೆರಳು ದೂರ ಇರಬೇಕು. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕತ್ತಿ.

ಕಾನೂನು ಏನನ್ನುತ್ತೆ

2021ರ ಡ್ರೋನ್ ನಿಯಮಗಳ ಪ್ರಕಾರ ಓದಿಗೆ, ಪ್ರಯೋಗಕ್ಕೆ, ಮನರಂಜನೆಗೆ ಹಾರಿಸುವ, 25 ಕೇಜಿ ಮೀರದ, ಕಣ್ಣಳತೆಯೊಳಗೇ ಇರುವ ವಿಮಾನ ‘ಮಾದರಿ’ ವರ್ಗಕ್ಕೆ ಸೇರುತ್ತೆ. ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಹಂಚಿದ್ದಾರೆ. ಹಸಿರು ಕಡೆ 400 ಅಡಿವರೆಗೆ ಅಡ್ಡಿಯಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿ. ಅದಕ್ಕಿಂತ ಹತ್ತಿರ, ಅಥವಾ ಕೆಂಪು ಜಾಗದಲ್ಲಿ, ಅನುಮತಿ ಇಲ್ಲದೆ ಇಲ್ಲ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮ್ಮ ಜಿಲ್ಲೆಯ ತೆಂಕಣದವರು ಇದನ್ನು ನೋಡಿಕೊಳ್ಳಲೇಬೇಕು. ಸರ್ಕಾರದ ಡ್ರೋನ್ ನಕ್ಷೆ ಮೊಬೈಲಿನಲ್ಲೇ ಸಿಗುತ್ತೆ, ಹಾರಿಸುವ ಮುಂಚೆ ಒಮ್ಮೆ ನೋಡೋದು ಕ್ಷೇಮ.

ಕಾನೂನಿಗಿಂತ ದೊಡ್ಡದು ಅಜ್ಜಿಯ ಪ್ರಶ್ನೆ. ಬಿದ್ದರೆ ಯಾರು ಜವಾಬು? ಜನ, ಜಾನುವಾರು, ಕರೆಂಟ್ ತಂತಿ, ರಸ್ತೆ ಇಲ್ಲದ ಜಾಗ ಬೇಕು. ಹಿಂದೆ ಒಣ ಕೆರೆ ಅಂಗಳವೇ ಆಟದ ಬಯಲು. ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬರತೊಡಗಿದ ಮೇಲೆ ಜಿಲ್ಲೆಯ ಕೆಲವು ಕೆರೆಗಳಲ್ಲಿ ನೀರು ನಿಂತಿದೆ. ಉಳಿದವುಗಳಲ್ಲಿ ಜಾಲಿ ಮುಳ್ಳು. ಹುಡುಗ ಈ ಸಲ ಜೋಳ ಕೊಯ್ದು ಖಾಲಿ ಬಿದ್ದಿದ್ದ ಒಂದು ಹೊಲ ಹುಡುಕಿ, ಹೊಲದವರನ್ನು ಕೇಳಿ ಒಪ್ಪಿಸಿಕೊಂಡ. ಅಜ್ಜಿಗೂ ಹೋಗಿ ಹೇಳಿಬಂದ: ‘ಭಾನುವಾರ ಬೆಳಿಗ್ಗೆ ಕುರಿ ಈ ಕಡೆ ಬಿಡಬೇಡಿ ಅವ್ವಾ.’

ಭಾನುವಾರ ಬೆಳಿಗ್ಗೆ

ಫಾಲ್ಗುಣದ ಬೆಳಿಗ್ಗೆ ಏಳು ಗಂಟೆ. ಎಲೆ ಅಲ್ಲಾಡದ ಹೊತ್ತು. ಹುಡುಗ ಒಂದು ತಿಂಗಳು ಗೆಳೆಯನ ಕಂಪ್ಯೂಟರಿನಲ್ಲಿ ಹಾರಿಸೋದನ್ನು ಕಲಿತಿದ್ದ. ನಮ್ಮ ಕಡೆ ಬರುವ ವಿಮಾನದ ಎಡ ಬಲ ಗೊಂದಲಕ್ಕೂ ಒಂದು ಮದ್ದು ಕಂಡುಕೊಂಡಿದ್ದ: ಯಾವ ರೆಕ್ಕೆ ಕೆಳಗೆ ಬಾಗಿದೆಯೋ ಆ ಕಡೆಗೇ ಸ್ಟಿಕ್ಕು ತಳ್ಳು, ಅದಕ್ಕೆ ಊರೆಗೋಲು ಕೊಟ್ಟ ಹಾಗೆ. ಯೋಚನೆ ಬೇಕಿಲ್ಲ.

ಅಣ್ಣ ಗಾಳಿಗೆ ಎದುರಾಗಿ ನಿಂತು, ವಿಮಾನವನ್ನು ಮಟ್ಟಸವಾಗಿ ಮುಂದಕ್ಕೆ ತಳ್ಳಿಬಿಟ್ಟ. ಒಂದು ಕ್ಷಣ ಕುಸಿದು ಸಾವರಿಸಿಕೊಂಡು ಏರಿತು. ಮೊದಲ ಸುತ್ತು, ಎರಡನೇ ಸುತ್ತು. ಹುಡುಗ ಎತ್ತರ ಬಿಡಲಿಲ್ಲ. ಎತ್ತರ ಇದ್ದರೆ ತಪ್ಪು ತಿದ್ದಿಕೊಳ್ಳೋಕೆ ಹೊತ್ತಿರುತ್ತೆ. ಬೇಲಿಯಾಚೆ ಆ ಅಜ್ಜಿ ಬಂದು ನಿಂತಿದ್ದರು, ಕುರಿ ಇಲ್ಲದೆ.

ಏಳನೇ ನಿಮಿಷ. ಇಳಿಸುವಾಗ ವೇಗ ಅತಿಯಾಗಿ ಕಡಿಮೆಯಾಯಿತು. ಆಳೆತ್ತರದಲ್ಲಿ ಒಂದು ರೆಕ್ಕೆ ಕುಸಿದು ದಬ್ಬನೆ ಬಿತ್ತು. ನನಗೆ ಎದೆ ಧಸಕ್ಕೆಂದಿತು. ಹುಡುಗನ ಮುಖ ನೋಡಲಾಗಲಿಲ್ಲ.

ಓಡಿಹೋಗಿ ನೋಡಿದರೆ ರೆಕ್ಕೆ ಅಡ್ಡ ತಿರುಗಿ ಪಕ್ಕದಲ್ಲಿ ಬಿದ್ದಿದೆ, ಗೀರೂ ಇಲ್ಲ. ಎರಡು ರಬ್ಬರ್ ಬ್ಯಾಂಡು ತುಂಡು. ಮೋಟಾರಿನ ನೈಲಾನ್ ಸ್ಕ್ರೂ ಮೂರು ತುಂಡು. ಮೂತಿಯ ಮೆತ್ತೆ ಅಪ್ಪಚ್ಚಿ. ಬ್ಯಾಟರಿ ಊದಿಲ್ಲ, ಮೋಟಾರಿನ ಕಂಬಿ ನೆಟ್ಟಗಿದೆ.

ಅಣ್ಣ ಜೇಬಿನಿಂದ ಸ್ಕ್ರೂ ಪೊಟ್ಟಣ ತೆಗೆದ. ಹುಡುಗ ಅಲ್ಲೇ ಬದುವಿನ ಮೇಲೆ ಕೂತು ಹೊಸ ಮೆತ್ತೆ ಕತ್ತರಿಸಿದ. ಇಪ್ಪತ್ತು ನಿಮಿಷ. ಮತ್ತೆ ಬ್ಯಾಲೆನ್ಸು, ಮತ್ತೆ ಪರೀಕ್ಷೆ. ಬೇರೆ ಬ್ಯಾಟರಿ. ಎರಡನೇ ಸಲ ಹಾರಿಸಿ, ಹುಲ್ಲಿನ ಮೇಲೆ ಹೊಟ್ಟೆಯಲ್ಲಿ ಜಾರಿಸಿ ಇಳಿಸಿದ.

ಅಜ್ಜಿ ಬೇಲಿ ದಾಟಿ ಬಂದು ವಿಮಾನವನ್ನು ಮುಟ್ಟಿ ನೋಡಿದರು. ‘ಅಂದು ಚೂರಾಗಿತ್ತಲ್ಲಪ್ಪಾ, ಇದು ಅದೇನಾ?’ ಅಂದರು.

‘ಇಲ್ಲವ್ವಾ, ಇದು ಬೇರೆ’ ಅಂದ ಹುಡುಗ. ‘ಮೋಟಾರು ಮಾತ್ರ ಅದೇ.’

ಈಗ ಶಾಪಿನ ಗೋಡೆಯಲ್ಲಿ ಹಳೇ ಟೈರುಗಳ ಪಕ್ಕ ಆ ವಿಮಾನ ತೂಗುಹಾಕಿದೆ. ಮೈತುಂಬ ತೇಪೆ. ಪಂಕ್ಚರಿಗೆ ಬರುವ ಹುಡುಗರು ಬಗ್ಗಿ ನೋಡಿ, ಇದು ಯಾಕೆ ರಬ್ಬರು, ಅದು ಯಾಕೆ ಪ್ಲಾಸ್ಟಿಕ್ ಸ್ಕ್ರೂ ಅಂತ ಕೇಳ್ತಾರೆ. ನಾಳೆ ಔಷಧಿ ಹೊಡೆಯುವ ಡ್ರೋನು ನಮ್ಮ ದ್ರಾಕ್ಷಿ ತೋಟಗಳಲ್ಲಿ ಕೆಟ್ಟು ಕೂತಾಗ ರಿಪೇರಿಗೆ ಬೆಂಗಳೂರಿಗೇ ಹೊರಬೇಕೋ, ಊರಲ್ಲೇ ಆಗುತ್ತೋ ಅನ್ನೋದು ಇಂಥ ಪ್ರಶ್ನೆ ಕೇಳುವ ಹುಡುಗರ ಮೇಲೆ ನಿಂತಿದೆ.

ಸಾಲ ಇನ್ನೂ ತೀರಿಲ್ಲ. ನಲವತ್ತು ಪಂಕ್ಚರು ಬಾಕಿ ಇದೆಯಂತೆ.